ರೇಡಾರ್ ಕಾಣದ ಆಕಾಶದಲ್ಲಿ

1987ರ ಜುಲೈ 8ರಂದು ಲಂಡನ್ನಿನ ಗ್ಯಾಟ್‌ವಿಕ್‌ನಿಂದ ಅಮೆರಿಕಕ್ಕೆ ಹೊರಟಿದ್ದ ಎರಡು ದೊಡ್ಡ ವಿಮಾನಗಳು ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಒಂದನ್ನೊಂದು ನೂರು ಅಡಿಯೊಳಗಿನ ಅಂತರದಲ್ಲಿ ದಾಟಿದವು. ಡೆಲ್ಟಾ ಕಂಪನಿಯ ಟ್ರೈಸ್ಟಾರ್ ಸಿನ್ಸಿನಾಟಿಗೆ ಹೋಗುತ್ತಿತ್ತು, ಕಾಂಟಿನೆಂಟಲ್ ಕಂಪನಿಯ ಬೋಯಿಂಗ್ 747 ನ್ಯೂಆರ್ಕ್‌ಗೆ. ಎರಡರಲ್ಲೂ ಸೇರಿ ಆರುನೂರರ ಹತ್ತಿರ ಜನ. ಡೆಲ್ಟಾ ವಿಮಾನ ತನ್ನ ಪಥ ಬಿಟ್ಟು ಸುಮಾರು 60 ಮೈಲಿ ಆಚೆ ಬಂದಿತ್ತು. ತನಿಖೆ ಬೊಟ್ಟು ಮಾಡಿದ್ದು ಹೊರಡುವಾಗ ನ್ಯಾವಿಗೇಷನ್ ಕಂಪ್ಯೂಟರಿಗೆ ಒತ್ತಿದ ತಪ್ಪು ಅಂಕಿಯ ಕಡೆಗೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 60 ನಾಟಿಕಲ್ ಮೈಲಿ. ಅಟ್ಲಾಂಟಿಕ್‌ನಲ್ಲಿ ಪಕ್ಕಪಕ್ಕದ ಪಥಗಳ ನಡುವೆ ಆಗ ಇಡುತ್ತಿದ್ದ ಅಂತರವೂ ಅಷ್ಟೇ. ಒಂದು ಅಂಕಿ ತಪ್ಪಿದರೆ ನೆರೆಯ ಪಥದ ವಿಮಾನದ ಮೇಲೆಯೇ ಹೋಗಿ ನಿಲ್ಲುವಂಥ ಲೆಕ್ಕ.

ಸಾಗರದ ಆ ಭಾಗದಲ್ಲಿ ರೇಡಾರ್ ಇರಲಿಲ್ಲ. ಎರಡೂ ದಡಗಳ ನಿಯಂತ್ರಕರ ಲೆಕ್ಕದಲ್ಲಿ ಎರಡೂ ವಿಮಾನಗಳು ತಮ್ಮ ತಮ್ಮ ದಾರಿಯಲ್ಲೇ ಇದ್ದವು. ಪೈಲಟ್‌ಗಳ ಕಣ್ಣಿಗೆ ಬೀಳದೆ ಹೋಗಿದ್ದರೆ ಹೀಗೊಂದು ನಡೆಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಮೇಲಿನವರಿಗೆ ತಿಳಿಸಲೇಬೇಕೇ ಎಂಬ ಮಾತು ರೇಡಿಯೊದಲ್ಲಿ ಬಂತೆಂದೂ, ಅದು ಬೇರೆ ವಿಮಾನಗಳ ಕಿವಿಗೆ ಬಿತ್ತೆಂದೂ ಆಗಿನ ಪತ್ರಿಕೆಗಳು ಬರೆದವು.

ಯಾರೂ ನೋಡದ ಆಕಾಶದಲ್ಲಿ ವಿಮಾನಗಳನ್ನು ಒಂದರಿಂದೊಂದು ದೂರ ಇಡುವುದು ಯಾವುದು? ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳಿಂದ ಬೇರೆ ಬೇರೆ ಉತ್ತರಗಳು ಬರುತ್ತಿವೆ. ದೊಡ್ಡ ಅಂತರ ಇಟ್ಟು ನಿಯಮ ಪಾಲಿಸಿದರೆ ಸಾಕು ಎಂದವರಿದ್ದಾರೆ. ಮೇಲೊಂದು ಕಣ್ಣು ಇರಲೇಬೇಕು ಎಂದವರಿದ್ದಾರೆ. ವಿಮಾನವೇ ತನ್ನನ್ನು ಕಾಯ್ದುಕೊಳ್ಳಲಿ ಎಂಬುದು ಇನ್ನೊಂದು ವಾದ. ಯಂತ್ರದ ಮಾತು ಬಿಡಿ, ಎರಡು ದೇಶಗಳ ನಿಯಂತ್ರಣ ಕೊಠಡಿಗಳು ಪರಸ್ಪರ ಮಾತಾಡುವುದನ್ನು ಮೊದಲು ಕಲಿಯಲಿ ಎಂಬುದು ಮತ್ತೊಂದು. ಒಂದೊಂದಕ್ಕೂ ಅದರ ಪರವಾಗಿ ಸಾಕ್ಷಿ ಹೇಳುವ ಅಪಘಾತವಿದೆ, ಅದರ ಬಾಯಿ ಮುಚ್ಚಿಸುವ ಅಪಘಾತವೂ ಇದೆ.

ಭೂಮಿಯ ಬಾಗು, ಎರಡು ವೇಗ

ರೇಡಾರ್‌ನ ಅಲೆ ನೇರವಾಗಿ ಹೋಗುತ್ತದೆ, ಭೂಮಿ ಬಾಗುತ್ತದೆ. 35,000 ಅಡಿಯಲ್ಲಿ ಹಾರುವ ವಿಮಾನವೂ ದಡದ ರೇಡಾರ್‌ಗೆ ಹೆಚ್ಚೆಂದರೆ ನಾನೂರೈವತ್ತು ಕಿಲೋಮೀಟರ್‌ವರೆಗೆ ಕಾಣುತ್ತದೆ. ಅದರಾಚೆ ಸಾಗರ, ಮರುಭೂಮಿ, ಧ್ರುವಪ್ರದೇಶ, ಯುದ್ಧದಲ್ಲಿ ಹಾಳಾದ ದೇಶಗಳು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗಿ ಬರುವ ಕರಾವಳಿಯವರು ಅರಬ್ಬೀ ಸಮುದ್ರದ ನಡುವೆ ಊಟದ ತಟ್ಟೆ ಬಿಚ್ಚುವ ಹೊತ್ತಿಗೆ ಎರಡೂ ದಡಗಳ ರೇಡಾರ್‌ಗಳ ಕೈ ಮೀರಿರುತ್ತಾರೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ದಾರಿಯಲ್ಲೂ ನೆಲದ ರೇಡಾರ್ ತಲುಪದ ಆಕಾಶವಿದೆ.

ಇನ್ನೊಂದು ಲೆಕ್ಕ ವೇಗದ್ದು. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬರುವ ಎರಡು ವಿಮಾನಗಳು ಪ್ರತಿ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಹತ್ತಿರವಾಗುತ್ತವೆ. ಎದುರಿನ ವಿಮಾನ ಕಣ್ಣಿಗೆ ಬಿದ್ದು, ಅದು ತನ್ನತ್ತಲೇ ಬರುತ್ತಿದೆ ಎಂದು ಗೊತ್ತಾಗಿ, ಪೈಲಟ್ ಕೈ ಆಡಿಸಿ, ವಿಮಾನ ತಿರುಗುವಷ್ಟರಲ್ಲಿ ಹನ್ನೆರಡೂವರೆ ಸೆಕೆಂಡು ಬೇಕು ಎಂಬುದು ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕೊಟ್ಟಿರುವ ಅಂದಾಜು. ಅಷ್ಟರಲ್ಲಿ ಅವೆರಡರ ನಡುವಿನ ಆರು ಕಿಲೋಮೀಟರಿಗೂ ಹೆಚ್ಚು ದೂರ ಕರಗಿರುತ್ತದೆ. ಎದುರಿನಿಂದ ಬರುವ ವಿಮಾನ ಗಾಜಿನ ಮೇಲೆ ಅಲುಗಾಡದ ಒಂದು ಚುಕ್ಕಿ. ಡಿಕ್ಕಿಯ ದಾರಿಯಲ್ಲಿರುವ ವಸ್ತು ಪಕ್ಕಕ್ಕೆ ಸರಿಯುವುದಿಲ್ಲ, ಕೊನೆಯ ಕ್ಷಣದವರೆಗೂ ಇದ್ದಲ್ಲೇ ಇದ್ದು ಒಮ್ಮೆಲೇ ಹಿಗ್ಗುತ್ತದೆ. ಕಣ್ಣನ್ನೇ ನಂಬಿದ ಕಾಲ ಜೆಟ್ ಯುಗ ನೆಲೆಯೂರುವ ಮುಂಚೆಯೇ ಮುಗಿದದ್ದು ಇದಕ್ಕೇ.

ಗ್ರ್ಯಾಂಡ್ ಕ್ಯಾನ್ಯನ್‌ನ ಆ ಬೆಳಗು

ಆ ಕಾಲ ಮುಗಿದದ್ದು 1956ರ ಜೂನ್ 30ರಂದು. ಲಾಸ್ ಏಂಜಲಿಸ್‌ನಿಂದ ಕೆಲವೇ ನಿಮಿಷಗಳ ಅಂತರದಲ್ಲಿ ಹೊರಟ ಟಿಡಬ್ಲ್ಯುಎ ಮತ್ತು ಯುನೈಟೆಡ್ ಕಂಪನಿಗಳ ಎರಡು ವಿಮಾನಗಳು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ 21,000 ಅಡಿಯಲ್ಲಿ ಡಿಕ್ಕಿ ಹೊಡೆದವು. 128 ಮಂದಿ ಸತ್ತರು. ಈ ಪ್ರಕರಣದಲ್ಲಿ ಇಂದಿಗೂ ಕಾಡುವ ವಿವರವೊಂದಿದೆ. ಎರಡೂ ವಿಮಾನಗಳು ಒಂದೇ ಎತ್ತರದಲ್ಲಿ, ಒಂದೇ ಹೊತ್ತಿಗೆ ಒಂದೇ ರೇಖೆಯನ್ನು ದಾಟಲಿವೆ ಎಂಬ ಮಾಹಿತಿ ನೆಲದ ಮೇಲಿನ ನಿಯಂತ್ರಕರ ಬಳಿ ಇತ್ತು. ಆದರೆ ಅದು ನಿಯಂತ್ರಣಕ್ಕೆ ಒಳಪಡದ ಆಕಾಶ. ಅಲ್ಲಿ ಎಚ್ಚರಿಸುವುದು ಅವರ ಕೆಲಸವಾಗಿರಲಿಲ್ಲ, ಪೈಲಟ್‌ಗಳೇ ನೋಡಿ ತಪ್ಪಿಸಿಕೊಳ್ಳಬೇಕಿತ್ತು. ಎರಡೇ ವರ್ಷದಲ್ಲಿ ಅಮೆರಿಕದ ಕಾನೂನು ಬದಲಾಗಿ, ಇಡೀ ದೇಶದ ಆಕಾಶಕ್ಕೆ ಒಂದೇ ಆಡಳಿತ ಬಂತು. ರೇಡಾರ್‌ಗಳು ಸಾಲುಸಾಲಾಗಿ ಎದ್ದವು.

ಸಾಗರದ ಮೇಲೆ ರೇಡಾರ್ ನೆಡಲಾಗದು. ಅಲ್ಲಿ ಬೆಳೆದದ್ದು ಬೇರೊಂದು ವ್ಯವಸ್ಥೆ. ವಿಮಾನ ಪ್ರತಿ ಹತ್ತು ಡಿಗ್ರಿ ರೇಖಾಂಶ ದಾಟುವಾಗ ಎಚ್.ಎಫ್. ರೇಡಿಯೊದ ಕರಕರ ಸದ್ದಿನ ನಡುವೆ ತಾನೆಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಮುಂದಿನ ಬಿಂದುವಿಗೆ ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಬೇಕಿತ್ತು. ಐರ್ಲೆಂಡಿನಲ್ಲೋ ಕೆನಡಾದಲ್ಲೋ ಕೂತ ರೇಡಿಯೊ ಆಪರೇಟರ್ ಅದನ್ನು ಬರೆದು ನಿಯಂತ್ರಕರಿಗೆ ಮುಟ್ಟಿಸಬೇಕಿತ್ತು. ನಿಯಂತ್ರಕರು ಪ್ರತಿ ವಿಮಾನಕ್ಕೊಂದರಂತೆ ಕಾಗದದ ಪಟ್ಟಿ ಜೋಡಿಸಿಕೊಂಡು, ಆಕಾಶವನ್ನು ತಲೆಯೊಳಗೇ ಕಟ್ಟಿಕೊಳ್ಳಬೇಕಿತ್ತು. ಇದಕ್ಕೆ ಪ್ರೊಸೀಜರಲ್ ಕಂಟ್ರೋಲ್ ಎನ್ನುತ್ತಾರೆ. ಕಾಣದ್ದರಿಂದ ಅಂತರ ದೊಡ್ಡದಿರಬೇಕಿತ್ತು: ಒಂದೇ ಪಥದಲ್ಲಿ ಹಿಂದೆ ಮುಂದೆ ಹತ್ತು ಹದಿನೈದು ನಿಮಿಷ, ಪಕ್ಕಕ್ಕೆ ಹತ್ತಾರು ಮೈಲಿ, ಮೇಲೆ ಕೆಳಗೆ ಸಾವಿರ ಇಲ್ಲವೇ ಎರಡು ಸಾವಿರ ಅಡಿ. ಸಾಮಾನ್ಯವಾಗಿ ಪೂರ್ವಕ್ಕೆ ಹೋಗುವವರಿಗೆ ಬೆಸ ಸಾವಿರದ ಎತ್ತರ, ಪಶ್ಚಿಮಕ್ಕೆ ಹೋಗುವವರಿಗೆ ಸಮ ಸಾವಿರದ ಎತ್ತರ.

ಎಷ್ಟು ಅಂತರ ಸಾಕು? ಮೊದಮೊದಲು ಇದಕ್ಕೆ ಯಾರ ಬಳಿಯೂ ಲೆಕ್ಕವಿರಲಿಲ್ಲ, ಅನುಭವಿಗಳ ಅಂದಾಜಷ್ಟೇ. 1960ರ ದಶಕದ ಮಧ್ಯದಲ್ಲಿ ಅಟ್ಲಾಂಟಿಕ್‌ನ ಪಕ್ಕದ ಅಂತರವನ್ನು 120 ನಾಟಿಕಲ್ ಮೈಲಿಯಿಂದ 90ಕ್ಕೆ ಇಳಿಸಹೊರಟಾಗ ಪೈಲಟ್‌ಗಳ ಸಂಘಟನೆಗಳು ತಿರುಗಿಬಿದ್ದವು. ಆ ಜಗಳವೇ ಈ ಕ್ಷೇತ್ರದ ಮೊದಲ ಗಣಿತವನ್ನು ಹುಟ್ಟಿಸಿತು. ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ಪಿ. ಜಿ. ರೈಖ್ 1966ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ವಿಮಾನವನ್ನು ಒಂದು ಪೆಟ್ಟಿಗೆಯಂತೆ ಭಾವಿಸಿ, ಅದು ತನ್ನ ಪಥದಿಂದ ಎಷ್ಟು ಸಲ ಎಷ್ಟು ದೂರ ಅಲೆಯುತ್ತದೆ ಎಂಬುದರಿಂದ ಡಿಕ್ಕಿಯ ಸಂಭವನೀಯತೆಯನ್ನು ಲೆಕ್ಕಹಾಕಿದರು. ಇಂದಿಗೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಬಳಸುವ ಮಾದರಿಗಳ ಬೇರು ಅಲ್ಲಿದೆ. ಈಗ ಒಪ್ಪಿಕೊಂಡಿರುವ ಗುರಿ, ಒಂದೊಂದು ಆಯಾಮಕ್ಕೂ ಇಪ್ಪತ್ತು ಕೋಟಿ ಹಾರಾಟದ ಗಂಟೆಗೆ ಒಂದು ಮಾರಣಾಂತಿಕ ಅಪಘಾತಕ್ಕಿಂತ ಹೆಚ್ಚಾಗಬಾರದು ಎಂಬುದು. ಈ ಲೆಕ್ಕದಲ್ಲಿ ಒಂದು ಡಿಕ್ಕಿಯನ್ನು ಎರಡು ಅಪಘಾತ ಎಂದು ಎಣಿಸುತ್ತಾರೆ. ಗಣಿತಜ್ಞರೂ ಎರಡು ವಿಮಾನಗಳ ಸಾವನ್ನು ಬೇರೆ ಬೇರೆಯಾಗಿಯೇ ಬರೆದಿಟ್ಟರು!

ಅಂತರವನ್ನೂ ನಿಯಮವನ್ನೂ ನಂಬಿದ ಈ ಪಂಥದ ಸಾಧನೆ ಸಣ್ಣದಲ್ಲ. ದಿನಕ್ಕೆ ಸಾವಿರಕ್ಕೂ ಹೆಚ್ಚು ವಿಮಾನಗಳು ದಾಟುವ ಉತ್ತರ ಅಟ್ಲಾಂಟಿಕ್‌ನಲ್ಲಿ ಜೆಟ್ ಯುಗ ಬಂದಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು ಬಿದ್ದದ್ದಿಲ್ಲ. ಅದು ವಿವರಿಸಲಾಗದ್ದು 1987ರಂಥ ಘಟನೆಯನ್ನು. ರೈಖ್ ಮಾದರಿ ಯಂತ್ರಗಳ ಸಣ್ಣಪುಟ್ಟ ಅಲೆತವನ್ನು ಚೆನ್ನಾಗಿ ಹಿಡಿಯುತ್ತದೆ. ಮನುಷ್ಯನ ಬೆರಳು ತಪ್ಪು ಗುಂಡಿ ಒತ್ತಿದರೆ ಅದು ಅಲೆತವಲ್ಲ, ನೇರವಾಗಿ ಬೇರೆ ಪಥಕ್ಕೆ ನೆಗೆತ. ಇಂಥ ದೊಡ್ಡ ತಪ್ಪುಗಳನ್ನು ಒಂದೊಂದಾಗಿ ಗುಡ್ಡೆಹಾಕಿ ಪರಿಶೀಲಿಸುವ ಸಮಿತಿಗಳು ಅಟ್ಲಾಂಟಿಕ್‌ನಲ್ಲಿ ಈಗ ಕಾಯಂ. ಎತ್ತರದ ತಪ್ಪುಗಳಿಂದಾಗಿ ಲಂಬ ಅಂತರದ ಅಪಾಯ ಗುರಿಯನ್ನು ಮೀರಿದ ವರ್ಷಗಳೂ ಅವರ ಲೆಕ್ಕದಲ್ಲಿವೆ.

ಗುರಿ ತಪ್ಪದ ಯಂತ್ರಗಳು ತಂದ ಅಪಾಯ

ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಕುತೂಹಲದ ಭಾಗ ಇದು. ಹಳೆಯ ಕಾಲದ ವಿಮಾನಗಳು ಒಂದೇ ಪಥದಲ್ಲಿ ಹೋದರೂ ಒಂದು ಎರಡು ಮೈಲಿ ಎಡಕ್ಕಿರುತ್ತಿತ್ತು, ಇನ್ನೊಂದು ಮೂರು ಮೈಲಿ ಬಲಕ್ಕಿರುತ್ತಿತ್ತು. ಎತ್ತರದಲ್ಲೂ ಅಷ್ಟಿಷ್ಟು ವ್ಯತ್ಯಾಸ. ಯಾರೋ ತಪ್ಪು ಎತ್ತರದಲ್ಲಿ ಎದುರು ಬಂದರೂ ಆ ಅಸ್ತವ್ಯಸ್ತತೆಯೇ ಇಬ್ಬರನ್ನೂ ಕಾಪಾಡುತ್ತಿತ್ತು. ಬಯಲಿನಲ್ಲಿ ಎದುರುಬದುರು ನಡೆದು ಬರುವ ಇಬ್ಬರು ಕಣ್ಣುಮುಚ್ಚಿಕೊಂಡಿದ್ದರೂ ತಾಗುವುದು ಅಪರೂಪ, ಗದ್ದೆಯ ಬದುವಿನ ಮೇಲಾದರೆ ತಾಗದಿರುವುದು ಅಪರೂಪ. ಜಿಪಿಎಸ್ ಬಂದು ಇಡೀ ಆಕಾಶವನ್ನು ಬದುಗಳನ್ನಾಗಿ ಮಾಡಿತು. ಈಗ ಪಥದ ನಡುಗೆರೆಯಿಂದ ವಿಮಾನ ಅದರ ರೆಕ್ಕೆಯಷ್ಟು ಅಗಲಕ್ಕೂ ಅಲುಗುವುದಿಲ್ಲ. ಎತ್ತರ ಅಳೆಯುವ ಯಂತ್ರಗಳೂ ಸುಧಾರಿಸಿದ್ದರಿಂದ 29,000 ಅಡಿಗಿಂತ ಮೇಲೆ ಎರಡು ಸಾವಿರ ಅಡಿ ಇದ್ದ ಲಂಬ ಅಂತರವನ್ನು ಸಾವಿರಕ್ಕೆ ಇಳಿಸಲಾಯಿತು. 1997ರಲ್ಲಿ ಅಟ್ಲಾಂಟಿಕ್‌ನಲ್ಲಿ ಶುರುವಾದದ್ದು 2003ರಲ್ಲಿ ಭಾರತಕ್ಕೆ, 2008ರಲ್ಲಿ ಆಫ್ರಿಕಾಕ್ಕೆ ಬಂತು.

1997ರಲ್ಲೇ ರಾಬರ್ಟ್ ಪಟ್ಲೊವನಿ ಎಂಬ ಸಂಶೋಧಕರು ಇದನ್ನು ವಿರೋಧಾಭಾಸವೆಂದು ಗುರುತಿಸಿ, ದಿಕ್ಕಿಗೊಂದು ಎತ್ತರ ನಿಗದಿಮಾಡುವ ನಿಯಮವೇ ವಿಮಾನಗಳನ್ನು ಒಂದೆಡೆ ತಂದು ಗುಂಪುಹಾಕುತ್ತದೆ ಎಂದು ವಾದಿಸಿದರು. ಕ್ರಮಬದ್ಧತೆ ಹೆಚ್ಚಿದಷ್ಟೂ, ಆ ಕ್ರಮ ಒಂದು ಕಡೆ ತಪ್ಪಿದಾಗ ಬೆಲೆಯೂ ಹೆಚ್ಚು ಎಂಬುದು ತಿರುಳು. ನಿಯಂತ್ರಣ ವ್ಯವಸ್ಥೆಯವರಿಗೆ ಇದು ರುಚಿಸಲಿಲ್ಲ. ಆದರೆ 2006ರ ಸೆಪ್ಟೆಂಬರ್ 29ರಂದು ಅಮೆಜಾನ್ ಕಾಡಿನ ಮೇಲೆ ಅದು ಅಕ್ಷರಶಃ ನಡೆಯಿತು. ಗೋಲ್ ಕಂಪನಿಯ ಬೋಯಿಂಗ್ 737 ಮತ್ತು ಎಂಬ್ರೇರ್ ಲೆಗಸಿ ಎಂಬ ಸಣ್ಣ ಜೆಟ್ 37,000 ಅಡಿಯಲ್ಲಿ, ಒಂದೇ ಪಥದ ನಡುಗೆರೆಯ ಮೇಲೆ, ಎದುರುಬದುರಾಗಿ ಬಂದವು. ಸಣ್ಣ ಜೆಟ್‌ನ ರೆಕ್ಕೆತುದಿ ಬೋಯಿಂಗ್‌ನ ಎಡರೆಕ್ಕೆಯನ್ನು ಸೀಳಿತು. 737ರಲ್ಲಿದ್ದ 154 ಮಂದಿಯೂ ಸತ್ತರು. ಸಣ್ಣ ಜೆಟ್ ಹೇಗೋ ಒಂದು ಸೇನಾ ನೆಲೆಯಲ್ಲಿ ಇಳಿದು ಏಳು ಜನ ಬದುಕಿದರು. ಎರಡೂ ವಿಮಾನಗಳು ಹಳೆಯ ಕಾಲದವಾಗಿದ್ದಿದ್ದರೆ ಬಹುಶಃ ಒಂದರ ಪಕ್ಕದಲ್ಲಿ ಇನ್ನೊಂದು ಹಾದು ಹೋಗುತ್ತಿತ್ತು, ನಮಗೆ ಸುದ್ದಿಯೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಕಂಡುಕೊಂಡ ಮದ್ದು ವಿಚಿತ್ರ, ಆದರೆ ಅಗ್ಗ. ಪೈಲಟ್ ಬೇಕೆಂದೇ ಪಥದ ನಡುಗೆರೆಯಿಂದ ಒಂದೋ ಎರಡೋ ಮೈಲಿ ಬಲಕ್ಕೆ ಸರಿದು ಹಾರುವುದು. 2004ರಲ್ಲಿ ಅಟ್ಲಾಂಟಿಕ್‌ನಲ್ಲಿ ಜಾರಿಗೆ ಬಂದ ಈ ಪದ್ಧತಿಯನ್ನು ಪೈಲಟ್‌ಗಳು ಸ್ಲಾಪ್ ಎನ್ನುತ್ತಾರೆ. ಮೊದಲು ನಡುಗೆರೆ, ಒಂದು ಮೈಲಿ, ಎರಡು ಮೈಲಿ ಎಂದು ಮೂರೇ ಆಯ್ಕೆಗಳಿದ್ದವು, ಈಗ ಮೈಲಿಯ ಹತ್ತನೇ ಒಂದರಂತೆಯೂ ಸರಿಯಬಹುದು. ಎಷ್ಟು ಸರಿಯಬೇಕೆಂದು ನಿಯಂತ್ರಕರು ಹೇಳುವುದಿಲ್ಲ. ಹೇಳಿದರೆ ಎಲ್ಲರೂ ಮತ್ತೆ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ! ಕೋಟ್ಯಂತರ ರೂಪಾಯಿ ಸುರಿದು ಗಳಿಸಿದ ನಿಖರತೆಯ ಮೇಲೆ ನಾವೇ ಒಂದಷ್ಟು ಅಡ್ಡಾದಿಡ್ಡಿಯನ್ನು ಮತ್ತೆ ಚೆಲ್ಲಿಕೊಂಡಿದ್ದೇವೆ. ಪಟ್ಲೊವನಿಯವರ ಒಳನೋಟವನ್ನು ಒಪ್ಪದವರು ಈಗ ಕಡಿಮೆ. ಆದರೆ ಅಪಾಯಕ್ಕೆ ಅವಕಾಶ ಹೇಗೆ ಹಿಗ್ಗುತ್ತದೆ ಎಂಬುದನ್ನಷ್ಟೇ ಅದು ವಿವರಿಸುತ್ತದೆ. ಎರಡು ವಿಮಾನಗಳು ಒಂದೇ ಎತ್ತರಕ್ಕೆ ಮೊದಲು ಬಂದದ್ದಾದರೂ ಹೇಗೆ ಎಂಬುದಕ್ಕೆ ಉತ್ತರವನ್ನು ಬೇರೆಡೆ ಹುಡುಕಬೇಕು.

ಮೇಲೊಂದು ಕಣ್ಣು

ನಮ್ಮಲ್ಲಿ ಆಕಾಶದ ಡಿಕ್ಕಿಯ ಮಾತು ಬಂದಾಗ ಎಲ್ಲರಿಗೂ ನೆನಪಾಗುವುದು ಚರ್ಖಿ ದಾದ್ರಿ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಸೌದಿ ಅರೇಬಿಯಾದ 747 ವಿಮಾನವೂ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ವಿಮಾನವೂ ಡಿಕ್ಕಿ ಹೊಡೆದು 349 ಮಂದಿ ಸತ್ತರು. ಆಕಾಶದಲ್ಲಿ ವಿಮಾನಗಳು ಪರಸ್ಪರ ಡಿಕ್ಕಿ ಹೊಡೆದ ಪ್ರಕರಣಗಳಲ್ಲಿ ಇಷ್ಟು ಸಾವು ಇನ್ನೆಲ್ಲೂ ಆಗಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಅದು ರೇಡಾರ್ ಇಲ್ಲದ ಆಕಾಶವಲ್ಲ, ದೆಹಲಿಯಲ್ಲಿ ರೇಡಾರ್ ಇತ್ತು. ಆದರೆ ಅದು ವಿಮಾನ ಎಲ್ಲಿದೆ ಎಂದಷ್ಟೇ ತೋರಿಸುವ ಹಳೆಯ ಬಗೆಯದು, ಎಷ್ಟು ಎತ್ತರದಲ್ಲಿದೆ ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಕಜಕ್ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಎಂದು ಹೇಳಲಾಗಿತ್ತು. ಬರುವವರಿಗೂ ಹೋಗುವವರಿಗೂ ಒಂದೇ ಓಣಿ. ಕಜಕ್ ವಿಮಾನ ಕೊಟ್ಟ ಎತ್ತರದಲ್ಲಿ ನಿಲ್ಲದೆ ಕೆಳಗಿಳಿಯಿತು. ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರ ತನಿಖಾ ನ್ಯಾಯಾಲಯ ಅದನ್ನೇ ಮೂಲ ಕಾರಣವೆಂದಿತು. ಎತ್ತರ ತೋರಿಸುವ ರೇಡಾರ್, ಬರಲು ಹೋಗಲು ಬೇರೆ ಬೇರೆ ಓಣಿ, ವಿಮಾನದೊಳಗೆ ಡಿಕ್ಕಿ ತಡೆಯುವ ಯಂತ್ರ ಕಡ್ಡಾಯ, ಎಲ್ಲ ಆಮೇಲೆ ಬಂದವು.

ಕಣ್ಣು ಬೇಕು ಎನ್ನುವವರ ವಾದ ಇಲ್ಲಿಂದಲೇ ಬಲ ಪಡೆಯುತ್ತದೆ. ಅವರ ಹೊಸ ಆಯುಧ ಎಡಿಎಸ್‌-ಬಿ. ವಿಮಾನವೇ ಜಿಪಿಎಸ್‌ನಿಂದ ತನ್ನ ಸ್ಥಾನ ತಿಳಿದುಕೊಂಡು ಸೆಕೆಂಡಿಗೊಮ್ಮೆ ಸುತ್ತಲಿನ ಎಲ್ಲರಿಗೂ ಕೇಳುವಂತೆ ಸಾರುವುದು. ಕೆನಡಾ 2009ರಲ್ಲಿ ಹಡ್ಸನ್ ಕೊಲ್ಲಿಯ ರೇಡಾರ್ ಇಲ್ಲದ ಆಕಾಶವನ್ನು ಹೀಗೆ ತುಂಬಿತು. ದಡದಲ್ಲಿ ಗೋಪುರ ನೆಟ್ಟರೂ ನಡುಸಾಗರಕ್ಕೆ ತಲುಪದು ಎಂಬ ತೊಡಕನ್ನು ಏರಿಯಾನ್ ಎಂಬ ಸಂಸ್ಥೆ ಇರಿಡಿಯಂ ಉಪಗ್ರಹಗಳ ಮೇಲೆ ಗ್ರಾಹಕಗಳನ್ನು ಕೂರಿಸಿ ನಿವಾರಿಸಿತು. 2019ರ ವಸಂತದಿಂದ ಅಟ್ಲಾಂಟಿಕ್‌ನ ಎರಡೂ ದಡಗಳ ನಿಯಂತ್ರಕರು ನಡುಸಾಗರದ ವಿಮಾನಗಳನ್ನೂ ಪರದೆಯ ಮೇಲೆ ನೋಡುತ್ತಿದ್ದಾರೆ. ಇಂದು ಯಾರಾದರೂ 1987ರಂತೆ ಪಥ ತಪ್ಪಿದರೆ ನಿಮಿಷಗಳಲ್ಲಿ ಕಾಣುತ್ತದೆ.

ಆದರೆ ಗೋಲ್ ದುರಂತದ ಇನ್ನೊಂದು ಮುಖ ಈ ಪಂಥದ ಬೆವರಿಳಿಸುತ್ತದೆ. ಸಣ್ಣ ಜೆಟ್‌ನ ಟ್ರಾನ್ಸ್‌ಪಾಂಡರ್ (ವಿಮಾನದ ಎತ್ತರವನ್ನು ರೇಡಾರ್‌ಗೆ ತಿಳಿಸುವ ಯಂತ್ರ) ಬ್ರೆಜಿಲಿಯಾ ದಾಟಿದ ಸ್ವಲ್ಪ ಹೊತ್ತಿಗೆ ಸುಮ್ಮನಾಗಿತ್ತು. ಅದರ ಪ್ರಯಾಣದ ಯೋಜನೆಯಲ್ಲಿ ಬ್ರೆಜಿಲಿಯಾ ಆದಮೇಲೆ 36,000 ಅಡಿ ಎಂದಿತ್ತು. ನಿಯಂತ್ರಕರು ಇಳಿಯಲು ಹೇಳಲಿಲ್ಲ, ಪೈಲಟ್‌ಗಳು ಇಳಿಯಲೂ ಇಲ್ಲ. ಪರದೆ ಮಾತ್ರ ಯೋಜನೆಯನ್ನು ಅನುಸರಿಸಿ ‘360’ ಎಂದು ತಾನಾಗಿ ಬರೆದುಕೊಂಡಿತು. ಇರಬೇಕಾದ ಎತ್ತರವೂ ಇರುವ ಎತ್ತರವೂ ಒಂದೇ ಜಾಗದಲ್ಲಿ, ಒಂದರಂತೆ ಇನ್ನೊಂದು ಕಾಣುವ ಹಾಗೆ ನಿಂತಿದ್ದವು. ಅಲ್ಲಿ ಕಣ್ಣಿತ್ತು, ಕಂಡದ್ದು ಮಾತ್ರ ಕಾಗದದ ಮೇಲಿನ ವಿಮಾನ. ಬ್ರೆಜಿಲ್‌ನ ತನಿಖಾ ವರದಿಯೂ ಅಮೆರಿಕದ ತನಿಖಾ ಮಂಡಳಿಯ ಟಿಪ್ಪಣಿಯೂ ಇಲ್ಲಿ ಬೇರೆ ಬೇರೆ ಕಡೆ ಒತ್ತು ಕೊಟ್ಟವು: ಒಂದು ಪೈಲಟ್‌ಗಳ ಲೋಪಕ್ಕೆ ಹೆಚ್ಚು ಜಾಗ ಕೊಟ್ಟಿತು, ಇನ್ನೊಂದು ನಿಯಂತ್ರಣ ವ್ಯವಸ್ಥೆಯ ಲೋಪವನ್ನು ಮುಂದೆ ತಂದಿತು. ಇಂದಿಗೂ ಆ ವರದಿಗಳನ್ನು ಓದುವವರು ತಮ್ಮ ವೃತ್ತಿಗೆ ತಕ್ಕಂತೆ ಪಕ್ಷ ಹಿಡಿಯುತ್ತಾರೆ.

ಕಾಕ್‌ಪಿಟ್‌ನೊಳಗಿನ ಕಾವಲು

ಟೀಕ್ಯಾಸ್ ಎಂದು ಪೈಲಟ್‌ಗಳು ಕರೆಯುವ ಡಿಕ್ಕಿ-ತಡೆ ಯಂತ್ರಕ್ಕೆ ನೆಲದ ಹಂಗಿಲ್ಲ. ಅದು ಅಕ್ಕಪಕ್ಕದ ವಿಮಾನಗಳ ಟ್ರಾನ್ಸ್‌ಪಾಂಡರನ್ನು ತಾನೇ ಮಾತಾಡಿಸಿ, ದೂರಕ್ಕಿಂತ ಮುಖ್ಯವಾಗಿ ಸಮಯವನ್ನು ಲೆಕ್ಕಹಾಕುತ್ತದೆ. ಡಿಕ್ಕಿಗೆ ಸುಮಾರು 48 ಸೆಕೆಂಡು ಇರುವಾಗ ಎಚ್ಚರಿಕೆ, 35 ಸೆಕೆಂಡು ಇರುವಾಗ ಏರು ಅಥವಾ ಇಳಿ ಎಂಬ ಆಜ್ಞೆ. ಸಮಯವನ್ನೇ ಅಳತೆಗೋಲು ಮಾಡಿಕೊಳ್ಳುವ ಈ ವಿಚಾರ ಹೊಳೆದದ್ದು 1950ರ ದಶಕದಲ್ಲಿ, ಬೆಂಡಿಕ್ಸ್ ಕಂಪನಿಯ ಜಾನ್ ಮೊರೆಲ್ ಅವರಿಗೆ. ಅದು ಕಾನೂನಾಗಲು 1978ರಲ್ಲಿ ಸ್ಯಾನ್ ಡಿಯೇಗೊ, 1986ರಲ್ಲಿ ಸೆರಿಟೋಸ್ ಎಂಬ ಎರಡು ಡಿಕ್ಕಿಗಳು ಬೇಕಾದವು.

ರೇಡಾರ್ ಇಲ್ಲದ ಕಡೆ ಇದರ ಬೆಲೆ ಹೆಚ್ಚು, ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1997ರ ನಮೀಬಿಯಾ ಸಾಕ್ಷಿ. ಆ ಸೆಪ್ಟೆಂಬರ್ 13ರಂದು ಜರ್ಮನ್ ವಾಯುಪಡೆಯ ಟುಪೊಲೆವ್ ಮತ್ತು ಅಮೆರಿಕ ವಾಯುಪಡೆಯ ಸ್ಟಾರ್‌ಲಿಫ್ಟರ್ 35,000 ಅಡಿಯಲ್ಲಿ ಡಿಕ್ಕಿ ಹೊಡೆದು 33 ಮಂದಿ ಅಟ್ಲಾಂಟಿಕ್‌ಗೆ ಬಿದ್ದರು. ಟುಪೊಲೆವ್ ತನ್ನ ದಿಕ್ಕಿಗೆ ಒಪ್ಪದ ಎತ್ತರದಲ್ಲಿತ್ತು. ಎರಡರಲ್ಲೂ ಟೀಕ್ಯಾಸ್ ಇರಲಿಲ್ಲ.

ಇದ್ದರೂ ಸಾಲದು ಎಂದು ತೋರಿಸಿದ್ದು 2002ರ ಉಬರ್‌ಲಿಂಗೆನ್ ಡಿಕ್ಕಿ. ಯಂತ್ರ ಏರು ಎಂದಿತು, ನಿಯಂತ್ರಕರು ಇಳಿ ಎಂದರು. ರಷ್ಯನ್ ಪೈಲಟ್‌ಗಳು ನಿಯಂತ್ರಕರ ಮಾತು ಕೇಳಿದರು, ಎದುರಿನ ಸರಕು ವಿಮಾನ ಯಂತ್ರದ ಮಾತು ಕೇಳಿ ಅದೂ ಇಳಿಯಿತು. 71 ಸಾವು, ಅದರಲ್ಲಿ ಬಹುಪಾಲು ಮಕ್ಕಳು. ಯಂತ್ರದ ಮಾತೇ ಅಂತಿಮ ಎಂಬ ನಿಯಮ ಅದಾದಮೇಲೆ ಗಟ್ಟಿಯಾಯಿತು.

ಇದಕ್ಕಿಂತ ಆಳದ ಮಿತಿಯೊಂದನ್ನು 2015ರ ಸೆಪ್ಟೆಂಬರ್ 5ರಂದು ಸೆನೆಗಲ್‌ನ ಆಕಾಶ ತೋರಿಸಿತು. ರೋಗಿಯನ್ನು ಹೊತ್ತು ಡಕಾರ್‌ಗೆ ಬರುತ್ತಿದ್ದ ಸಣ್ಣ ಏರ್ ಆಂಬ್ಯುಲೆನ್ಸ್ 34,000 ಅಡಿಯಲ್ಲಿರಬೇಕಿತ್ತು, ಎದುರು ಬರುತ್ತಿದ್ದ ಸೈಬಾ ಕಂಪನಿಯ 737 ವಿಮಾನ 35,000 ಅಡಿಯಲ್ಲಿ. ಸಣ್ಣ ವಿಮಾನದ ಎತ್ತರಮಾಪಕದ ಬಗ್ಗೆ ಮೊದಲಿನಿಂದಲೂ ದೂರುಗಳಿದ್ದವು. ಎರಡೂ ತಾಗಿದವು. 737ರ ರೆಕ್ಕೆತುದಿ ಮುರಿದರೂ ಅದು ಮಲಬೊವರೆಗೆ ಹೋಗಿ ಇಳಿಯಿತು. ಆಂಬ್ಯುಲೆನ್ಸ್ ವಿಮಾನ ಉತ್ತರವಿಲ್ಲದೆ ಡಕಾರ್ ಮೇಲಿನಿಂದ ಹಾದು ಸಮುದ್ರದತ್ತ ಸಾಗಿ, ಏಳು ಜನರೊಂದಿಗೆ ಕಣ್ಮರೆಯಾಯಿತು. ಟೀಕ್ಯಾಸ್‌ಗೆ ಎದುರಿನ ವಿಮಾನದ ಎತ್ತರ ಗೊತ್ತಾಗುವುದು ಆ ವಿಮಾನವೇ ಹೇಳಿದರೆ. ಹೇಳುವವನ ಅಳತೆಯೇ ತಪ್ಪಿದ್ದರೆ ಕಾವಲುಗಾರನೂ ಅದೇ ತಪ್ಪನ್ನು ನಂಬಿಕೊಂಡು ಸುಮ್ಮನಿರುತ್ತಾನೆ.

ಇಷ್ಟು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದಮೇಲೆ ನನ್ನ ಅನಿಸಿಕೆ ಹೀಗಿದೆ. ಅಟ್ಲಾಂಟಿಕ್‌ನಲ್ಲಿ ಒಂದು ಅಂಕಿ, ಅಮೆಜಾನ್‌ನಲ್ಲಿ ಒಂದು ಪರದೆ, ಸೆನೆಗಲ್‌ನಲ್ಲಿ ಒಂದು ಮಾಪಕ. ಪ್ರತಿ ಸಲವೂ ಯಾರೋ ಒಬ್ಬರು ಒಂದು ಸಂಖ್ಯೆಯನ್ನು ನಂಬಿದ್ದರು, ಅದನ್ನು ಬೇರೊಂದು ಮೂಲದಿಂದ ತಾಳೆ ನೋಡುವವರು ಯಾರೂ ಇರಲಿಲ್ಲ. ಕಣ್ಣು, ಅಂತರ, ಯಂತ್ರ ಇವುಗಳಲ್ಲಿ ಯಾವುದು ಮೇಲು ಎಂದು ಜಗಳವಾಡುವುದಕ್ಕಿಂತ, ಇವು ಒಂದರ ತಪ್ಪನ್ನು ಇನ್ನೊಂದು ಹಿಡಿಯುವಷ್ಟು ಬೇರೆಬೇರೆಯಾಗಿವೆಯೇ ಎಂದು ಕೇಳುವುದು ಲೇಸು.

ಗಡಿಗಳು ಮತ್ತು ತಪ್ಪೊಪ್ಪಿಗೆ

ಆಕಾಶವನ್ನು ಎಫ್‌ಐಆರ್ ಎಂಬ ವಲಯಗಳಾಗಿ ಹಂಚಿಕೊಂಡಿದ್ದಾರೆ (ಪೊಲೀಸ್ ಠಾಣೆಯದ್ದಲ್ಲ). ಒಂದು ವಲಯದಿಂದ ಇನ್ನೊಂದಕ್ಕೆ ವಿಮಾನ ದಾಟುವ ಮೊದಲು ಮೊದಲನೆಯವರು ಎರಡನೆಯವರಿಗೆ ತಿಳಿಸಬೇಕು. ರೇಡಾರ್ ಇದ್ದ ಕಡೆ ಈ ಕರೆ ಮರೆತರೂ ಚುಕ್ಕಿ ಕಾಣುತ್ತದೆ, ಇಲ್ಲದ ಕಡೆ ಆ ಕರೆಯೇ ಸರ್ವಸ್ವ. ನಮೀಬಿಯಾ ಪ್ರಕರಣದಲ್ಲಿ ಅಂಗೋಲಾ ಮತ್ತು ನಮೀಬಿಯಾ ಕೇಂದ್ರಗಳ ನಡುವೆ ಮಾಹಿತಿ ಸರಿಯಾಗಿ ಹರಿದಿರಲಿಲ್ಲ. ಆಫ್ರಿಕಾದ ಬಹುಭಾಗದಲ್ಲಿ ಪೈಲಟ್‌ಗಳು ಇಂದಿಗೂ 126.9 ಮೆಗಾಹರ್ಟ್ಸ್‌ನಲ್ಲಿ ತಾವೆಲ್ಲಿದ್ದೇವೆ ಎಂದು ಪರಸ್ಪರ ಕೂಗಿ ಹೇಳಿಕೊಳ್ಳುವುದು ಈ ಅಪನಂಬಿಕೆಯಿಂದಲೇ. ಮೂರು ದಶಕ ಸರಿಯಾದ ನಿಯಂತ್ರಣವಿಲ್ಲದಿದ್ದ ಸೊಮಾಲಿಯಾದ ಆಕಾಶಕ್ಕೆ 2023ರ ಜನವರಿಯಲ್ಲಷ್ಟೇ ಪೂರ್ಣ ಸೇವೆ ಮರಳಿತು.

ತಪ್ಪು ಮಾಡಿದವರನ್ನು ಏನು ಮಾಡಬೇಕು ಎಂಬುದರಲ್ಲೂ ಎರಡು ಪಕ್ಷ. 1976ರಲ್ಲಿ ಜಾಗ್ರೆಬ್ ಮೇಲೆ ವಿಮಾನಗಳು ಡಿಕ್ಕಿ ಹೊಡೆದು 176 ಮಂದಿ ಸತ್ತಾಗ, ಕೆಲಸದ ಒತ್ತಡದಲ್ಲಿ ಮುಳುಗಿದ್ದ ನಿಯಂತ್ರಕರೊಬ್ಬರು ಜೈಲು ಸೇರಿದರು, ಜಗತ್ತಿನ ನಿಯಂತ್ರಕರೆಲ್ಲ ಮನವಿ ಮಾಡಿದಮೇಲೆ ಹೊರಬಂದರು. ಶಿಕ್ಷೆಯ ಹೆದರಿಕೆ ಇದ್ದರೆ ಯಾರೂ ಬಾಯಿ ಬಿಡುವುದಿಲ್ಲ, ಬಾಯಿ ಬಿಡದಿದ್ದರೆ ತಪ್ಪಿದ ಡಿಕ್ಕಿಗಳ ಲೆಕ್ಕವೇ ಸಿಗುವುದಿಲ್ಲ ಎಂಬುದು ಒಂದು ಪಕ್ಷ. ಸತ್ತವರ ಮನೆಯವರಿಗೆ ಈ ವಾದ ಹಿಡಿಸುವುದಿಲ್ಲ, ಹಿಡಿಸಬೇಕೆಂದು ಕೇಳುವುದೂ ಸುಲಭವಲ್ಲ. ನಮ್ಮ ಬೆಂಗಳೂರಿನಲ್ಲೇ 2022ರ ಜನವರಿ 7ರಂದು ಕೋಲ್ಕತ್ತಾಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ಇಂಡಿಗೊ ವಿಮಾನಗಳು ಸಮಾನಾಂತರ ರನ್‌ವೇಗಳಿಂದ ಎದ್ದು ಒಂದರತ್ತ ಒಂದು ವಾಲಿದವು. ರೇಡಾರ್ ನೋಡುತ್ತಿದ್ದ ನಿಯಂತ್ರಕರು ಗಮನಿಸಿ ಬೇರೆ ದಿಕ್ಕಿಗೆ ತಿರುಗಿಸಿದರು. ಇದು ಕಣ್ಣಿನ ಪರವಾದ ಸಾಕ್ಷಿ. ಜೊತೆಗೆ, ಘಟನೆ ಆ ದಿನದ ದಾಖಲೆ ಪುಸ್ತಕಗಳಲ್ಲಿ ಸೇರಿರಲಿಲ್ಲ ಎಂದೂ ಆಗ ವರದಿಯಾಯಿತು. 1987ರ ಅಟ್ಲಾಂಟಿಕ್‌ಗೂ ಇದಕ್ಕೂ ತಂತ್ರಜ್ಞಾನದಲ್ಲಿ ಅಜಗಜಾಂತರವಿದ್ದರೂ, ಬರೆದಿಡಲು ಹಿಂಜರಿಯುವ ಕೈ ಬದಲಾದಂತಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಉಪಗ್ರಹದ ಕಣ್ಣು ಬಂದಮೇಲೆ ಅಟ್ಲಾಂಟಿಕ್‌ನಲ್ಲಿ ವಿಮಾನಗಳ ನಡುವಿನ ಅಂತರವನ್ನು ಹಿಂದಿದ್ದ ನಲವತ್ತು ಮೈಲಿಯಾಚೆಯಿಂದ ಇಪ್ಪತ್ತರೊಳಕ್ಕೆ ತಂದಿದ್ದಾರೆ. ಇಂಧನ ಉಳಿಯುತ್ತದೆ, ಹೆಚ್ಚು ವಿಮಾನಗಳಿಗೆ ಒಳ್ಳೆಯ ಎತ್ತರ ಸಿಗುತ್ತದೆ. ಕಂಡದ್ದರಿಂದ ಬಂದ ಸುರಕ್ಷತೆಯನ್ನು ಹೀಗೆ ಸಾಮರ್ಥ್ಯಕ್ಕಾಗಿ ಖರ್ಚುಮಾಡುವುದು ಸರಿಯೇ ಎಂಬ ಪ್ರಶ್ನೆ 1960ರ ದಶಕದಂತೆಯೇ ಇಂದಿಗೂ ಉಳಿದಿದೆ. ಬಡ ದೇಶಗಳ ಆಕಾಶಕ್ಕೆ ಈ ಉಪಗ್ರಹ ಸೇವೆಯ ಶುಲ್ಕ ಯಾರು ಕಟ್ಟಬೇಕು ಎಂಬುದು ಅದರ ಜೊತೆಯ ಪ್ರಶ್ನೆ.

ಅದಕ್ಕಿಂತ ಗಂಭೀರವಾದದ್ದು ಜಿಪಿಎಸ್‌ಗೆ ಸಂಬಂಧಿಸಿದ್ದು. ಹಳೆಯ ರೇಡಾರ್ ವಿಮಾನದ ಮಾತನ್ನು ಕೇಳದೆ ತಾನೇ ಅಳೆಯುತ್ತಿತ್ತು. ಎಡಿಎಸ್‌-ಬಿ ವಿಮಾನ ಹೇಳಿದ್ದನ್ನು ನಂಬುತ್ತದೆ, ವಿಮಾನ ಜಿಪಿಎಸ್ ಹೇಳಿದ್ದನ್ನು ನಂಬುತ್ತದೆ. 2023ರ ಸೆಪ್ಟೆಂಬರ್‌ನಿಂದ ಇರಾಕ್–ಇರಾನ್ ಸುತ್ತಮುತ್ತ ಸುಳ್ಳು ಜಿಪಿಎಸ್ ಸಂಕೇತಗಳಿಂದ ವಿಮಾನಗಳು ದಾರಿ ತಪ್ಪಿದ ವರದಿಗಳು ಬಂದವು, ಅದೇ ನವೆಂಬರ್‌ನಲ್ಲಿ ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಕೂಡ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತು. ದಾರಿ ತೋರುವುದೂ ಕಾವಲು ಕಾಯುವುದೂ ಒಂದೇ ಸಂಕೇತದ ಮೇಲೆ ನಿಂತಿರುವಾಗ ತಾಳೆ ನೋಡುವ ಎರಡನೇ ಮೂಲ ಯಾವುದಾಗಬೇಕು? ಮುಚ್ಚುತ್ತಿರುವ ರೇಡಾರ್‌ಗಳನ್ನು ಉಳಿಸಿಕೊಳ್ಳಬೇಕೆನ್ನುವವರಿದ್ದಾರೆ, ಉಪಗ್ರಹಗಳೇ ಸಂಕೇತ ಬಂದ ಸಮಯದಿಂದ ವಿಮಾನದ ಸ್ಥಾನವನ್ನು ಸ್ವತಂತ್ರವಾಗಿ ಲೆಕ್ಕಹಾಕಲಿ ಎನ್ನುವವರೂ ಇದ್ದಾರೆ. ಸಾಗರದ ಮೇಲೆ ಮೊದಲನೆಯದು ಆಗದ ಮಾತು, ಎರಡನೆಯದು ಎಲ್ಲ ಕಡೆಯೂ ನಿತ್ಯದ ಬಳಕೆಗೆ ಬಂದಿಲ್ಲ.

ಇನ್ನು ಕಾಬೂಲ್. 2021ರ ಆಗಸ್ಟ್‌ನಲ್ಲಿ ಸರ್ಕಾರ ಬಿದ್ದಮೇಲೆ ಆ ವಲಯದಲ್ಲಿ ನಿಯಂತ್ರಕರಿಲ್ಲದಾಯಿತು. ಏಷ್ಯಾ–ಯುರೋಪ್ ನಡುವಿನ ಬೇರೆ ದಾರಿಗಳು ಯುದ್ಧಗಳಿಂದ ಮುಚ್ಚಿಹೋದಂತೆಲ್ಲ ವಿಮಾನಗಳು ಮತ್ತೆ ಅಲ್ಲಿಗೇ ಮರಳಿದವು. 2023ರ ಜುಲೈನಲ್ಲಿ ಅಮೆರಿಕ ಕೂಡ 32,000 ಅಡಿ ಮತ್ತು ಅದಕ್ಕೂ ಮೇಲೆ ಹಾರಲು ತನ್ನ ಕಂಪನಿಗಳಿಗೆ ಅವಕಾಶ ಕೊಟ್ಟಿತು. ನೆರೆಯ ಕೇಂದ್ರಗಳು ಸಮಯದ ಅಂತರ ಇಟ್ಟು ಒಳಗೆ ಬಿಡುತ್ತವೆ, ಒಳಗಿನ ದಾರಿಯಲ್ಲಿ ಪೈಲಟ್‌ಗಳೇ ರೇಡಿಯೊದಲ್ಲಿ ತಮ್ಮ ಸ್ಥಾನ ಸಾರಿಕೊಂಡು ಹೋಗಬೇಕು. ಅಲ್ಲೊಂದು ಡಿಕ್ಕಿಯಾದರೆ, ಅಥವಾ ಕೂದಲೆಳೆಯಲ್ಲಿ ತಪ್ಪಿದರೆ, ಹೊಣೆ ವಿಮಾನ ಕಂಪನಿಯದೇ, ಒಳಗೆ ಬಿಟ್ಟ ನೆರೆಯ ಕೇಂದ್ರದ್ದೇ, ಆ ದಾರಿಗೆ ಅನುಮತಿ ಕೊಟ್ಟ ದೇಶದ್ದೇ ಎಂಬುದನ್ನು ಯಾವ ನ್ಯಾಯಾಲಯವೂ ಇನ್ನೂ ತೀರ್ಮಾನಿಸಿಲ್ಲ.